ಊಟಕ್ಕೆ ಹೋದ ತಾಲ್ಲೂಕು

ನಕ್ಷೆ ಕೆಲಸ ಅಂದ್ರೆ ನೆರಳಲ್ಲಿ ತಣ್ಣಗೆ ಕುಂತು ಮಾಡೋದು ಅಂದುಕೊಂಡವರು ಚಿತ್ರದುರ್ಗದ ನಮ್ಮ ಆಫೀಸಿಗೆ ಒಂದು ವಾರ ಬಂದು ನೋಡಬೇಕು. ದಿನಕ್ಕೊಂದು ಫಜೀತಿ.

ಈಚೆಗೆ ಕುರಿಗಳ ನೀರಿನ ತೊಟ್ಟಿಗಳನ್ನು ನಕ್ಷೆಗೆ ಏರಿಸುವ ಕೆಲಸ ಬಂತು. ಬರುವ ಸೋಮವಾರದ ಮೀಟಿಂಗಿನಲ್ಲಿ ನಕ್ಷೆ ಮೇಲೆ ಕಂಡ ತೊಟ್ಟಿಗಷ್ಟೇ ನೀರಿನ ಪೈಪು ಮಂಜೂರು. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಕುರಿ ಸಾಕುವ ಅಜ್ಜ ಮೂರು ಸಲ ಬಂದು, "ನಮ್ದು ಬಿಟ್ಬಿಟ್ಟೀಯ, ಜ್ವಾಕೆ" ಎಂದು ಹೇಳಿ ಹೋಗಿದ್ದರು.

ಊಟದ ಹೊತ್ತು

ತಾಲ್ಲೂಕುಗಳ ಫೈಲುಗಳು ಅವರವರ ಕಂಪ್ಯೂಟರಿನಲ್ಲೇ ಇರುತ್ತವೆ. ನಮ್ಮ ಡೇಟಾಬೇಸಿನಿಂದ ಅವಕ್ಕೊಂದು ಕೊಂಡಿ ಹಾಕಿದೆ. ನಮ್ಮಲ್ಲಿ ಟೇಬಲ್ ಥರ ಕಾಣುತ್ತೆ, ಮಾಲು ಮಾತ್ರ ಅಲ್ಲೇ. ಕಾಪಿ ಮಾಡುವ ತಾಪತ್ರಯ ತಪ್ಪಿತು ಅಂತ ಬೀಗಿದ್ದೆ. ಮೊದಲ ದಿನವೇ ಮಧ್ಯಾಹ್ನ ಹಿರಿಯೂರಿನ ತೊಟ್ಟಿಗಳೆಲ್ಲ ಮಾಯ! ಫೋನ್ ಮಾಡಿದರೆ ಅಲ್ಲಿನ ಆಪರೇಟರು, "ಊಟಕ್ಕೆ ಬಂದೀನ್ರಿ ಸಾರ್. ಯುಪಿಎಸ್ ಸರಿ ಇಲ್ಲ, ಕಂಪ್ಯೂಟರ್ ಆಫ್ ಮಾಡೇ ಬರಾದು" ಅಂದ.

ಸಾಹೇಬರಿಗೆ ಹೇಳಿದೆ. ಗಡಿಯಾರ ನೋಡಿ, "ತಾಲ್ಲೂಕು ಊಟ ಮುಗಿಸ್ಕಂಡು ಬರ್ಲಿ ಬಿಡಪ್ಪ. ನಾವೂ ಹೋಗಾಣ ನಡಿ" ಎಂದರು.

ಹೊಸದುರ್ಗದ ತಂಪು

ಹೊಸದುರ್ಗದವರದು ಎಕ್ಸೆಲ್ ಪಟ್ಟಿ. ಕೊಂಡಿ ಹಾಕಿ ನಕ್ಷೆ ತೆಗೆದರೆ ಹೊಸದುರ್ಗದಲ್ಲಿ ಒಂದು ತೊಟ್ಟಿಯೂ ಇಲ್ಲ. ಹುಡುಕಿದರೆ ಅಷ್ಟೂ ಉತ್ತರ ಧ್ರುವದ ಕಡೆ, ಸಮುದ್ರದ ನಡುವೆ ನಿಂತಿವೆ. ಅಕ್ಷಾಂಶದ ಕಾಲಮ್ಮಿನಲ್ಲಿ ರೇಖಾಂಶ, ರೇಖಾಂಶದ್ದರಲ್ಲಿ ಅಕ್ಷಾಂಶ ತುಂಬಿಟ್ಟಿದ್ದರು. ರೇಗಿಹೋಗಿ ಫೋನ್ ಮಾಡಿ, "ಏನಮ್ಮ, ನಿಮ್ಮ ತೊಟ್ಟಿ ಎಲ್ಲಾ ಹಿಮದ ಸಮುದ್ರದಾಗೆ ಅವೆಯಲ್ಲ!" ಅಂದೆ.

ಪಟ್ಟಿ ಮಾಡಿದ ಅಕ್ಕ ತಣ್ಣಗೆ, "ನೀರಿಗಂತೂ ತೊಂದ್ರೆ ಇಲ್ವಲ್ಲ ಸಾರ್?" ಎಂದರು.

ಹೊಳಲ್ಕೆರೆಯ ಉಳಿತಾಯ

ಹೊಳಲ್ಕೆರೆಯ ನಕ್ಷೆ ಹೆಸರಿಗೆ ಒಂದು, ಫೈಲು ನಾಲ್ಕು. ನಾಲ್ಕೂ ಜೊತೆಗಿದ್ದರಷ್ಟೇ ತೆರೆಯುತ್ತೆ. ಅಲ್ಲಿನ ಗುಮಾಸ್ತರು ಮೂರನ್ನು ಅಳಿಸಿದ್ದರು. "ಯಾಕ್ರೀ?" ಅಂದೆ.

"ಎಲ್ಲಾದ್ಕೂ ಹೆಸ್ರು ಒಂದೇ ಐತಲ್ರಿ. ಒಂದಿದ್ರೆ ಸಾಕು ಅಂತ."

ಹರಿಯಬ್ಬೆಯ ತೊಟ್ಟಿ

ಶನಿವಾರ ನೋಡಿದರೆ ಹರಿಯಬ್ಬೆ ಹೆಸರಿನಲ್ಲಿ ಅಕ್ಕಪಕ್ಕ ಎರಡು ಚುಕ್ಕೆ. ಒಂದು ತಪ್ಪಿ ಬಂದಿರಬೇಕು ಅಂತ ಅಳಿಸಹೋಗಿ ಕೈತಪ್ಪಿ ಎರಡನ್ನೂ ಅಳಿಸಿದೆ. ನಮ್ಮ ಟೇಬಲ್ಲಿನಲ್ಲಿ ತಾನೇ, ಮೂಲದಲ್ಲಿ ಇರುತ್ತಲ್ಲ ಅಂತ ಧೈರ್ಯ. ಎಲ್ಲಿಯ ಮೂಲ! ಇಲ್ಲಿ ಅಳಿಸಿದ್ದು ಅದೇ ಕೊಂಡಿ ಹಿಡಿದು ಹೋಗಿ ಹಿರಿಯೂರಿನ ಫೈಲಿನಲ್ಲೂ ಅಳಿಸಿಹೋಗಿತ್ತು. ಫೋನ್ ಮಾಡಿ, "ಇನ್ನೊಂದು ಕಾಪಿ ಐತೇನಪ್ಪ?" ಅಂದೆ.

"ನಿಮ್ಮತ್ರ ಇರಾದೇ ಕಾಪಿ ಅನ್ಕಂಡಿದ್ದೆ ಸಾರ್" ಅಂದ ಆಪರೇಟರು.

ಅಷ್ಟೊತ್ತಿಗೆ ಅಜ್ಜ ಬಾಗಿಲಲ್ಲಿ. ನಾಚಿಕೆ ಬಿಟ್ಟು ನಡೆದದ್ದು ಹೇಳಿದೆ. ಪುಣ್ಯಾತ್ಮ, ಬೈಯಲಿಲ್ಲ. ಉಪಗ್ರಹದ ಚಿತ್ರ ತೆಗೆಸಿ, ಕುರಿಗಳ ಕಾಲುದಾರಿ ಮೇಲೆ ಬೆರಳು ಸರಿಸುತ್ತಾ, "ನಾಕೂ ದಾರಿ ಕೂಡ್ತಾವಲ್ಲ, ಇಲ್ಲೇ. ಇದು ಕುರಿಗೆ, ಪಕ್ಕದ ಗಿಡ್ಡದು ಮರಿಗೆ" ಎಂದರು. ಎರಡು ಚುಕ್ಕೆ ಇಟ್ಟು ಹಿರಿಯೂರಿಗೆ ಫೋನ್ ಮಾಡಿದೆ. "ಬಂದ್ವು ಸಾರ್, ಎರಡೂ ಬಂದ್ವು!" ಅಂತ ಆಪರೇಟರು ಕೂಗಿದ. ನನಗೆ ಹೋದ ಜೀವ ಬಂತು.

ಅಜ್ಜ ಕಣ್ಣರಳಿಸಿದರು. "ನೀನಿಲ್ಲಿ ಅಳಿಸಿದ್ರೆ ಅಲ್ಲಿ ಹೋಗ್ತೈತೆ, ಇಲ್ಲಿ ಬರೆದ್ರೆ ಅಲ್ಲಿ ಬರ್ತೈತೆ?"

"ಹೂಂ ಅಜ್ಜ."

ಅವರು ಕುರ್ಚಿ ಎಳೆದುಕೊಂಡು ಕೂತರು. "ಅಯ್ಯೋ, ಅರ್ಜಿ ಹಿಡ್ಕಂಡು ಸುಮ್ನೆ ಅಲೆದಾಡಿದ್ನಲ್ಲಪ್ಪ! ಮೀಟಿಂಗ್ ಯಾಕೆ, ಪೈಪೂ ನೀನೇ ಬರೆದ್ಬಿಡು. ಬರೆಯಾದು ಹೆಂಗೂ ಬರೀತೀಯ, ತೊಟ್ಟಿಗೆ ನೀರು ತುಂಬ್ಸೇ ಬರಿ."