ಕುಬೇರಪ್ಪ ಗೋರಿಸ್ಥಾನದಲ್ಲಿ ಹಾಡಿದ್ದು

ಶನಿವಾರ ಸಂಜೆ ಸಾಹೇಬರು ಕಾಗದಕ್ಕೆ ಸಹಿ ಹಾಕುತ್ತ, ತಲೆಯನ್ನೂ ಎತ್ತದೆ, "ನಾಳೆ ನಸುಕಿನ್ಯಾಗ ಐದಕ್ಕ ನಮ್ಮ ಈಸ್ಟರ್ ಆರಾಧನಿ ಐತಿ ಕುಬೇರಪ್ಪ. ಬಂದ್ರ ಬಾ," ಎಂದರು. ಅಷ್ಟೇ ಅಂದದ್ದು. ಬರದಿದ್ದರೆ ಏನಾಗುತ್ತದೆ ಎಂದು ಹೇಳಲಿಲ್ಲ. ಹೇಳದೆ ಬಿಟ್ಟ ಆ ಮಾತೇ ಕುಬೇರಪ್ಪನ ಹೊಟ್ಟೆಗಿಳಿದು ರಾತ್ರಿಯ ರೊಟ್ಟಿಗೆ ಜಾಗ ಬಿಡಲಿಲ್ಲ.

ಕುಬೇರಪ್ಪ ಬೆಟಗೇರಿಯ ನೇಕಾರರ ಮನೆತನದವನು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟೇ ಆಯುಷ್ಯ ಕಳೆದ. ಮಗ ಶುಭೋದಯ ಶಿಕ್ಷಣ ಸಂಸ್ಥೆಯ ಕಚೇರಿಯಲ್ಲಿ ಮೇಜಿನ ಕೆಳಗೆ ಕಾಲು ಇಳಿಬಿಟ್ಟು ಹದಿನೆಂಟು ವರ್ಷದಿಂದ ಗುಮಾಸ್ತನಾಗಿದ್ದ. ಸಂಸ್ಥೆ ಚರ್ಚಿನವರದು. ಹೆಡ್ ಕ್ಲರ್ಕ್ ಪುಂಡಲೀಕಪ್ಪ ಇದೇ ತಿಂಗಳ ಕೊನೆಗೆ ನಿವೃತ್ತನಾಗುವವನಿದ್ದ. ಆ ಜಾಗಕ್ಕೆ ಯಾರು ಎಂಬುದು ಸಂಸ್ಥೆಯ ಸೆಕ್ರೆಟರಿ ದೇವಪುತ್ರಪ್ಪ ಸಾಹೇಬರ ಒಂದು ಮಾತಿನ ಮೇಲೆ ನಿಂತಿತ್ತು. ಆ ಮಾತಿಗಾಗಿ ಇಬ್ಬರು ಬಾಯಿ ತೆರೆದು ಕೂತಿದ್ದರು. ಒಬ್ಬ ಕುಬೇರಪ್ಪ, ಇನ್ನೊಬ್ಬ ಎದುರು ಮೇಜಿನ ಮಾಂತೇಶ.

ಇಬ್ಬರ ಮನೆದೇವರೂ ಬೇರೆ, ಆದರೆ ಸಾಹೇಬರ ದೇವರ ಮೇಲೆ ಇಬ್ಬರಿಗೂ ಇದ್ದಕ್ಕಿದ್ದಂತೆ ಭಕ್ತಿ ಉಕ್ಕಿತ್ತು. ಕಳೆದ ಡಿಸೆಂಬರಿನಲ್ಲಿ ಮಾಂತೇಶ ತನ್ನ ಮನೆಮುಂದೆ ಕ್ರಿಸ್‌ಮಸ್ ನಕ್ಷತ್ರ ತೂಗುಹಾಕಿ ಫೋಟೊ ತೆಗೆದು ಸಾಹೇಬರಿಗೆ ಕಳಿಸಿದ. ಮರುದಿನ ಕುಬೇರಪ್ಪ ಎರಡು ತೂಗುಹಾಕಿದ. "ದೀಪಾವಳಿ ಆಕಾಶಬುಟ್ಟಿನ ಇನ್ನೂ ಇಳಿಸಿಲ್ಲ, ಅದರ ಬಾಜೂಕ ಇವೆರಡು ಬ್ಯಾರೆ," ಎಂದು ಹೆಂಡತಿ ಬನಶಂಕರೆವ್ವ ಗೊಣಗಿದ್ದಳು. ಗೊಣಗಿದರೂ ಹೆಡ್ ಕ್ಲರ್ಕ್‌ನ ಹೆಂಡತಿ ಎನ್ನಿಸಿಕೊಳ್ಳುವ ಆಸೆ ಅವಳಿಗೆ ಗಂಡನಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೇ ಇತ್ತು.

ಭಾನುವಾರ ನಾಲ್ಕಕ್ಕೇ ಎಬ್ಬಿಸಿದವಳೂ ಅವಳೇ. ಕುಬೇರಪ್ಪ ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟ. ರೂಢಿಯಂತೆ ಹಣೆಗೆ ವಿಭೂತಿ ಹಚ್ಚಿಕೊಂಡ. ಓಣಿ ದಾಟುವಾಗ ಅದನ್ನು ಒರೆಸಿಕೊಂಡ. ಹಚ್ಚಿದ್ದನ್ನೂ ಒರೆಸಿದ್ದನ್ನೂ ಎರಡೂ ಕಡೆಯ ದೇವರು ನೋಡಿರಬೇಕು.

ಚರ್ಚಿನ ಬಾಗಿಲಿಗೆ ಕೀಲಿ ಬಿದ್ದಿತ್ತು. ಕಾವಲುಗಾರ ಶೇಖಸಾಬ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ಎಲ್ಲಾರೂ ಗೋರಿಸ್ಥಾನಕ್ಕ ಹೋಗ್ಯಾರ್ರಿ," ಎಂದ.

ಕುಬೇರಪ್ಪ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡ. "ಯಾರ ತೀರ್ಕೊಂಡ್ರು?"

"ಯಾರೂ ಇಲ್ರಿ. ಅವರ ದೇವರು ಗೋರಿಯಿಂದ ಎದ್ದ ದಿನಾ ಅಂತ ಈಸ್ಟರ್ ಆರಾಧನಿ ಅಲ್ಲೇ ಮಾಡ್ತಾರ, ವರ್ಷಾ ಹಂಗ. ಜಲ್ದಿ ಹೋಗ್ರಿ, ಶುರು ಆಗೇತಿ."

ಮಣ್ಣಿಗೆ ಹೋಗುವುದಲ್ಲದೆ ಬೇರೆ ಕೆಲಸಕ್ಕೆ ಅಂಥ ಜಾಗಕ್ಕೆ ಹೋಗಬಹುದು ಎಂದು ಕುಬೇರಪ್ಪನಿಗೆ ನಲವತ್ತೆಂಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಹೆಡ್ ಕ್ಲರ್ಕ್ ಜಾಗವನ್ನು ನೆನೆದು ಗೋರಿಸ್ಥಾನದೊಳಗೆ ಕಾಲಿಟ್ಟ. ಗೋರಿಗಳಿಗೆಲ್ಲ ಸುಣ್ಣ ಬಳಿದು ಚೆಂಡುಹೂ ಇಟ್ಟು ಮೇಣಬತ್ತಿ ಹಚ್ಚಿದ್ದರು. ಹೆಂಗಸರು ಹೊಸ ಸೀರೆಯುಟ್ಟು ಮುಂದೆ ನಿಂತಿದ್ದರು, ಗಂಡಸರು ಹಿಂದೆ. ಯಾರ ಮುಖದಲ್ಲೂ ಅಳು ಇರಲಿಲ್ಲ. ಯಾರೋ ಒಬ್ಬರು ಅವನ ಕೈಗೂ ಒಂದು ಮೇಣಬತ್ತಿ ಕೊಟ್ಟರು, ಅದು ಗಾಳಿಗೆ ಕೂಡಲೇ ಆರಿತು.

ಸಾಹೇಬರನ್ನು ಹುಡುಕಬೇಕಿತ್ತು. ನೋಡಿದರು ಎಂದಾದರೆ ಮಾತ್ರ ಬಂದದ್ದಕ್ಕೆ ಬೆಲೆ. ಕತ್ತಲಲ್ಲಿ ಕಣ್ಣು ಕಿರಿದು ಮಾಡಿ ನೋಡಿದಾಗ ಕೊನೆಯ ಸಾಲಿನಲ್ಲಿ ಒಂದು ಬಿಳಿ ಅಂಗಿ, ಅದರೊಳಗೆ ಸಾಹೇಬರ ಅಳತೆಯ ಹೊಟ್ಟೆ ಕಂಡಿತು. ಕುಬೇರಪ್ಪ ಮೆಲ್ಲಗೆ ಹೋಗಿ ಪಕ್ಕದಲ್ಲಿ ನಿಂತ. ಹಾಡು ಅವನಿಗೆ ಬರುತ್ತಿರಲಿಲ್ಲ. ಎಲ್ಲರೂ ಒಂದು ಸಾಲು ಮುಗಿಸಿದ ಮೇಲೆ ಅದರ ಕೊನೆಯ ಪದ ಹಿಡಿದು ಎಳೆಯತೊಡಗಿದ. ಪಕ್ಕದ ಹೊಟ್ಟೆಯೂ ಹಾಗೆಯೇ ಎಳೆಯಿತು. ಸಾಹೇಬರು ಜೋರು ಮಾಡುತ್ತಿದ್ದಾರೆ ಎಂದು ಇವನು ಇನ್ನಷ್ಟು ಜೋರು ಮಾಡಿದ. ಆ ದನಿ ಅದಕ್ಕಿಂತ ಏರಿತು. ಮುಂದಿನ ಸಾಲಿನವರು ತಿರುತಿರುಗಿ ನೋಡಿದರು. ಪಕ್ಕದ ಬೇವಿನ ಮರದ ಕಾಗೆಗಳು ಹೊತ್ತಿಗೆ ಮೊದಲೇ ಎದ್ದು ಹಾರಿಹೋದವು.

ಮೂಡಲ ಕಡೆ ಬೆಳಕು ಹರಿದಾಗ ಕುಬೇರಪ್ಪ ವಿನಯದಿಂದ ಪಕ್ಕಕ್ಕೆ ತಿರುಗಿದ. ನಿಂತಿದ್ದವನು ಮಾಂತೇಶ.

"ನೀ ಏನಲೇ?"

"ನೀ ಏನಪಾ? ನಾ ಸಾಹೇಬ್ರ ಅಂತ ತಿಳಿದು ಗಂಟಲಾ ಹರಕೊಂಡ್ನೆಲ್ಲೋ!"

ಇಬ್ಬರೂ ಸಾಲು ಸಾಲು ಹುಡುಕಿದರು. ಸಾಹೇಬರು ಇರಲಿಲ್ಲ. ಸಾಹೇಬರ ಹೆಂಡತಿ ಸುಗುಣಾಬಾಯಿ ಮಾತ್ರ ಮುಂದೆ ಪಾಸ್ಟರ್ ಅಯ್ಯನವರ ಹತ್ತಿರ ನಿಂತಿದ್ದರು. ಅವರನ್ನು ಮಾತನಾಡಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ, ಸಾಹೇಬರಿಗೇ ಇಲ್ಲವೆಂದು ಕಚೇರಿಯಲ್ಲಿ ಮಾತಿತ್ತು.

ಇಷ್ಟರಲ್ಲಿ ಇನ್ನೊಂದು ಅನಾಹುತವಾಗಿತ್ತು. ಕುಬೇರಪ್ಪನ ನೆರೆಮನೆಯ ಕಳಕವ್ವ ಪೂಜೆಗೆ ಹೂ ಹರಿಯಲು ಆ ಕಡೆ ಬಂದವಳು, ಗೋಡೆಯಾಚೆ ಗೋರಿಗಳ ನಡುವೆ ಆರಿದ ಮೇಣಬತ್ತಿ ಹಿಡಿದು ನಿಂತ ಕುಬೇರಪ್ಪನನ್ನು ಕಂಡಳು. ಹೂವನ್ನು ಅಷ್ಟಕ್ಕೇ ಬಿಟ್ಟು ಓಣಿಗೆ ಓಡಿದಳು. ಕಳಕವ್ವನಿಗೆ ಮಂಡಿನೋವಿದೆ, ಹೇಳಲು ಸುದ್ದಿ ಇರುವಾಗ ಅದು ಇರುವುದಿಲ್ಲ.

ಕುಬೇರಪ್ಪ ಮನೆ ಮುಟ್ಟುವಾಗ ಬನಶಂಕರೆವ್ವ ಹೊಸ್ತಿಲಿನ ಹೊರಗೆ ತುಂಬಿದ ಕೊಡ ಹಿಡಿದು ನಿಂತಿದ್ದಳು.

"ಅಲ್ಲೇ ನಿಂದರ್ರಿ! ಒಳಗ ಕಾಲಿಡಬ್ಯಾಡ್ರಿ!"

"ಏ, ಯಾರೂ ಸತ್ತಿಲ್ಲ..." ಎನ್ನುವುದರೊಳಗೆ ಕೊಡ ತಲೆಯ ಮೇಲೆ ಬರಿದಾಯಿತು. ಬಿಳಿ ಅಂಗಿ ಮೈಗಂಟಿತು. ಜೇಬಿನಲ್ಲಿದ್ದ ಮೊಬೈಲ್ ಎರಡು ಸಲ ಮಿನುಗಿ ಕಣ್ಣು ಮುಚ್ಚಿತು.

"ಗೋರಿಸ್ಥಾನಕ್ಕ ಹೋಗಿ ಬಂದಾವರು ಹಿಂಗ ಮನ್ಯಾಗ ನುಗ್ಗತಾರೇನು? ಇರ್ಲಿ, ಸಾಹೇಬ್ರು ಮಾತಾಡ್ಸಿದ್ರೇನ್ರಿ?"

ನಸುಕಿಗೆ ಎದ್ದು, ಗಂಟಲು ಹರಿದುಕೊಂಡು, ಕಡೆಗೆ ತಣ್ಣೀರು ಹೊಯ್ಯಿಸಿಕೊಂಡು ನಿಂತವನಿಗೆ ಆ ಪ್ರಶ್ನೆ ಕೇಳಿ ಅಳುವೇ ಬಂತು. "ಸಾಹೇಬ್ರು ಇನ್ನೆಲ್ಲಿ ಮಾತಾಡಸ್ತಾರ ಬಿಡ. ಎಲ್ಲಾ ಮುಗದ ಹೋತು," ಎಂದು ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಂಡ.

ಕಟ್ಟೆಯ ಮೇಲೆ ಕೂತಿದ್ದ ಕಳಕವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಯವ್ವಾ ನಮ್ಮವ್ವ! ದೇವಪುತ್ರಪ್ಪ ಸಾಹೇಬ್ರು ಹೋಗ್ಯಾರ! ಹೊತ್ತು ಹುಟ್ಟೂದ್ರಾಗ ಮಣ್ಣೂ ಮಾಡಿ ಮುಗಿಸ್ಯಾರ!"

ಕುಬೇರಪ್ಪ ಬಿಸಿನೀರಿನಲ್ಲಿ ತನ್ನ ದುಃಖ ತೊಳೆದುಕೊಂಡು ಹೊರಬರಲು ಅರ್ಧ ತಾಸು ಹಿಡಿಯಿತು. ಅಷ್ಟರಲ್ಲಿ ಓಣಿ ಖಾಲಿಯಾಗಿತ್ತು. ಬನಶಂಕರೆವ್ವ ಹಳೆಯ ಸೀರೆಯುಟ್ಟು ಮನೆಗೆ ಕೀಲಿ ಹಾಕಲು ಕಾದಿದ್ದಳು.

"ನಡ್ರಿ, ಸಾಹೇಬ್ರ ಮನಿಗೆ. ಎಲ್ಲಾರೂ ಮುಂದ ಹೋಗ್ಯಾರ. ಫೋಟೋಕ್ಕ ಹಾಕಾಕ ಪುಂಡಲೀಕಪ್ಪ ಹಾರಾ ತಗೊಂಡು ಹೋಗ್ಯಾನ. ಮಾಂತೇಶಗೂ ಫೋನ್ ಮಾಡ್ಯಾನ."

"ಯಾರ ಫೋಟೋಕ್ಕ?"

"ಅಯ್ಯ, ನೀವ ಮಣ್ಣಿಗೆ ಹೋಗಿ ಬಂದ್ರಿ, ನನ್ನ ಕೇಳ್ತೀರಲ್ಲ!"

ಕುಬೇರಪ್ಪನಿಗೆ ಆಗ ತಿಳಿಯಿತು. ಫೋನ್ ಮಾಡೋಣವೆಂದರೆ ಮೊಬೈಲಿನೊಳಗೆ ನೀರು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬೀದಿಗೆ ಬಿದ್ದ. ಬದುಕಿರುವ ಸಾಹೇಬರಿಗೆ ತನ್ನ ಓಣಿಯವರು ತಿಥಿ ಮಾಡಿದರೆ ಹೆಡ್ ಕ್ಲರ್ಕ್ ಜಾಗ ಹೋಗಲಿ, ಇದ್ದ ಜಾಗವೂ ಉಳಿಯುವುದಿಲ್ಲ ಎಂದು ಓಡಿದ.

ಸಾಹೇಬರ ಮನೆಯ ಮುಂದೆ ಇಪ್ಪತ್ತು ಮಂದಿ ಕೂಡಿದ್ದರು. ಬಾಗಿಲು ಒಳಗಿನಿಂದ ಹಾಕಿತ್ತು. ಪುಂಡಲೀಕಪ್ಪ ಕೈಯಲ್ಲಿ ಹಾರ ಹಿಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಮಾಂತೇಶನೂ ತಲೆ ತಗ್ಗಿಸಿ ನಿಂತಿದ್ದ, ಸಾಹೇಬರು ಗೋರಿಸ್ಥಾನದಲ್ಲಿ ಕಾಣದ್ದು ಇದಕ್ಕೇ ಎಂದುಕೊಂಡಿದ್ದ. ದುಃಖ ಅವನಿಗೂ ಆಗಿತ್ತು, ಇನ್ನು ಮುಂದೆ ಯಾರನ್ನು ಓಲೈಸಬೇಕು ಎಂಬುದು ಗೊತ್ತಿರಲಿಲ್ಲ. ಕಳಕವ್ವ ಅಳು ಶುರುಮಾಡಿದಳು. ಅಳುವಿನ ಮೊದಲ ಏರಿಗೇ ಬಾಗಿಲು ತೆರೆಯಿತು. ಒಳಗಿನಿಂದ ಲುಂಗಿ ಉಟ್ಟ ದೇವಪುತ್ರಪ್ಪ ಸಾಹೇಬರು ಕಣ್ಣುಜ್ಜುತ್ತ ಎದ್ದು ಬಂದರು.

"ಎದ್ದಾರ! ಸಾಹೇಬ್ರು ಎದ್ದಾರ!" ಎಂದು ಚೀರಿ ಕಳಕವ್ವ ಪುಂಡಲೀಕಪ್ಪನ ಮೇಲೆ ಬಿದ್ದಳು. ಅರ್ಧ ಮಂದಿ ಗೇಟಿನತ್ತ ಸರಿದರು.

ಏದುಸಿರು ಬಿಡುತ್ತ ಬಂದ ಕುಬೇರಪ್ಪ ಹಾರವನ್ನು ಕಸಿದುಕೊಂಡು ಸಾಹೇಬರ ಕೊರಳಿಗೆ ಹಾಕಿಬಿಟ್ಟ. "ಈಸ್ಟರ್ ಹಬ್ಬದ ಶುಭಾಶಯ ರೀ ಸಾಹೇಬ್ರ! ನಮ್ಮ ಓಣಿಯವರೆಲ್ಲಾರೂ ಬಂದಾರ್ರಿ!"

ಸಾಹೇಬರು ಹಾರವನ್ನು ಮುಟ್ಟಿ ನೋಡಿದರು, ಮಂದಿಯನ್ನು ನೋಡಿದರು. "ಎಷ್ಟೊತ್ತಾತು ಈಗ?"

"ಏಳೂವರಿ ರೀ."

ಸಾಹೇಬರ ಮುಖ ಸುಣ್ಣದಂತಾಯಿತು. "ಸತ್ನೆಪಾ! ಸುಗುಣಾಗ ನೀ ಮುಂದ ನಡಿ, ಬೆನ್ನಹಿಂದ ಬಂದೆ ಅಂತ ಹೇಳಿ ಮತ್ತ ಮಲಗಿದ್ದೆ!"

ಅಷ್ಟರಲ್ಲಿ ಗೇಟಿನ ಹೊರಗೆ ಕಾರು ನಿಂತಿತು. ಸುಗುಣಾಬಾಯಿ ಇಳಿದರು. ಹಿಂದೆ, ನಾಷ್ಟಾಕ್ಕೆ ಕರೆದಿದ್ದ ಪಾಸ್ಟರ್ ಅಯ್ಯನವರು. ಸಂಸ್ಥೆಗೆ ಅವರೇ ಅಧ್ಯಕ್ಷರು. ಸಾಹೇಬರು ಕುಬೇರಪ್ಪನ ತೋಳು ಹಿಡಿದು ಎಳೆದು ಕಿವಿಯಲ್ಲಿ ಉಸುರಿದರು. "ನೀ ಹೋಗಿದ್ದೇನು? ಹಾಂ, ನಾ ನಿನ್ನ ಬಾಜೂಕ ನಿಂತಿದ್ದೆ ಅಂತ ಹೇಳು. ಹೆಡ್ ಕ್ಲರ್ಕ್ ನೀನ. ಇದು ನನ್ನ ಮಾತು."

ಹದಿನೆಂಟು ವರ್ಷ ಕಾದ ಮಾತು! ಕುಬೇರಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಎಲ್ಲಿದ್ರಿ ನೀವು? ನನಗ ಕಾಣಲೇ ಇಲ್ಲ," ಎಂದರು ಸುಗುಣಾಬಾಯಿ, ಲುಂಗಿಯಿಂದ ಹಾರದವರೆಗೆ ನೋಡುತ್ತ.

"ಹಿಂದ, ಗಂಡಸರ ಸಾಲಿನ್ಯಾಗ. ಮುಗದ ಕೂಡ್ಲೆ ಬಂದು ಬಟ್ಟಿ ಬದಲಿಸಿದೆ. ಬೇಕಾರ ಕುಬೇರಪ್ಪನ ಕೇಳು."

'ಹೌದ್ರಿ' ಎಂದಿದ್ದರೆ ಸಾಕಿತ್ತು. ಕೇಳಿದ್ದು ಸಾಕ್ಷಿ, ಕುಬೇರಪ್ಪ ಹೇಳಿದ್ದು ಪುರಾಣ. "ಹೌದ್ರಿ ಬಾಯಾರ! ನಾನೂ ಸಾಹೇಬ್ರೂ ಭುಜಕ್ಕ ಭುಜಾ ಹಚ್ಚಿ ನಿಂತಿದ್ವಿ. ಸಾಹೇಬ್ರು ಹಾಡಿದ್ದು ಏನ ಹೇಳ್ಲಿ! ಅವರ ದನಿ ಏರಿದಂಗ ನನ್ನ ದನೀನೂ ಏರ್ತು. ಗಿಡದಾಗಿನ ಕಾಗಿ ಎದ್ದ ಹೋದವ್ರಿ!"

ಅಯ್ಯನವರು ಮುಂದೆ ಬಂದರು. "ಓಹೋ, ಆ ದನಿ ನಿಮ್ಮದೇನು? ಹಿಂದಿನಿಂದ ಎರಡು ದನಿ ಬರ್ತಿದ್ದವು. ಎಲ್ಲರಿಗಿಂತ ಜೋರು, ಎಲ್ಲರಿಗಿಂತ ತಡ. ಯಾರಿರಬೇಕು ಅಂತ ಪ್ರವಚನ ಮಾಡುವಾಗೆಲ್ಲ ಅದೇ ಯೋಚನಿ. ಒಂದು ನಿಮ್ಮದು, ಇನ್ನೊಂದು ಸೆಕ್ರೆಟರಿಯವರದು?"

"ಅವರದ ರೀ ಅಯ್ಯನವರ."

ಅಯ್ಯನವರ ಕಣ್ಣು ಮಾಂತೇಶನ ಮೇಲೆ ಬಿತ್ತು. "ನಿಮ್ಮನ್ನೂ ಅಲ್ಲಿ ನೋಡಿದ ನೆನಪು."

ಮಾಂತೇಶ ಒಮ್ಮೆ ಸಾಹೇಬರ ಮುಖ ನೋಡಿದ, ಒಮ್ಮೆ ಕುಬೇರಪ್ಪನದು. ಆಮೇಲೆ ಕೈಮುಗಿದ.

"ಬಂದಿದ್ನಿ ರೀ. ನನಗ ಹಾಡಾಕ ಬರೂದಿಲ್ಲ, ಸುಮ್ಮನ ನಿಂತಿದ್ನಿ. ಇವರಿಬ್ಬರ ಹಾಡು ಕೇಳಿ ಕಣ್ಣಾಗ ನೀರ ಬಂತ್ರಿ."

ಇವನಷ್ಟು ಒಳ್ಳೆಯವನು ಗದಗ ಜಿಲ್ಲೆಯಲ್ಲೇ ಇಲ್ಲ ಎನ್ನಿಸಿತು ಕುಬೇರಪ್ಪನಿಗೆ. ಸಾಹೇಬರು ಕೊರಳ ಹಾರವನ್ನು ನೆಟ್ಟಗೆ ಮಾಡಿಕೊಂಡರು. ಸುಗುಣಾಬಾಯಿ ಗಂಡನನ್ನು ನೋಡಿ ಮದುವೆಯಾದಾಗಿನಿಂದ ನಗದಿದ್ದ ನಗೆ ನಕ್ಕರು.

ಅಯ್ಯನವರು ಕುಬೇರಪ್ಪನ ಎರಡೂ ಕೈ ಹಿಡಿದುಕೊಂಡರು. "ನಮ್ಮ ಸಭೆಯವರಲ್ಲದಿದ್ದರೂ ಎಂಥ ಭಕ್ತಿ! ದೇವರೇ ನಿಮ್ಮನ್ನು ತೋರಿಸಿಕೊಟ್ಟ. ಬೆಳ್ಳಟ್ಟಿಯೊಳಗ ನಮ್ಮ ವಸತಿನಿಲಯಕ್ಕ ಆರು ತಿಂಗಳಿಂದ ಮೇಲ್ವಿಚಾರಕ ಇಲ್ಲ. ಯಾರೂ ಹೋಗಾಕ ಒಪ್ಪವಲ್ಲರು. ಅಲ್ಲಿ ದಿನಾ ನಸುಕಿನ ನಾಲ್ಕೂವರಿಗೆ ಪ್ರಾರ್ಥನಿ. ಗಂಟಿ ಹೊಡೆದ್ರ ಮಕ್ಕಳು ಏಳೂದಿಲ್ಲ. ನಿಮ್ಮ ದನಿಗೆ ಖಂಡಿತ ಏಳ್ತಾರ. ನಾಳೆನ ಹೊರಡ್ರಿ, ಅಲ್ಲೇ ಇರಾಕ ಒಂದು ಖೋಲಿನೂ ಐತಿ."

ಬನಶಂಕರೆವ್ವ ಅಷ್ಟರಲ್ಲಿ ಬಂದು ಮುಟ್ಟಿದ್ದಳು. ನಿಂತಲ್ಲೇ ಕುಕ್ಕರಿಸಿದಳು. ಆ ಎರಡನೇ ದನಿ ಮಾಂತೇಶನದು ಎಂದು ಕುಬೇರಪ್ಪ ಹೇಳುವಂತಿರಲಿಲ್ಲ, ಹೇಳಿದರೆ ಸಾಹೇಬರು ಸಿಕ್ಕಿಬೀಳುತ್ತಾರೆ. ಸಾಹೇಬರೇ ಕಾಪಾಡಬೇಕು. ಅಯ್ಯನವರೂ ಬಾಯಾರೂ ಒಳಗೆ ಹೋದ ಕೂಡಲೆ ಸಾಹೇಬರ ಹಿಂದೆ ಬಿದ್ದ.

"ಸಾಹೇಬ್ರ, ಹೆಡ್ ಕ್ಲರ್ಕ್ ನೀನ ಅಂತ ಈಗರ ಮಾತು ಕೊಟ್ರಿ. ಅಯ್ಯನವರಿಗೆ ಒಂದು ಮಾತು ಹೇಳ್ರಿ!"

ಸಾಹೇಬರು ಕೊರಳ ಹಾರ ತೆಗೆದು ಕಿಟಕಿಗೆ ಸಿಕ್ಕಿಸಿದರು. ಅವರ ಮುಖದಲ್ಲಿ ಖರೆಯಾದ ನೋವಿತ್ತು.

"ಕೊಟ್ಟೆ, ಇಲ್ಲ ಅನ್ನೂದಿಲ್ಲ. ಆದ್ರ ಕುಬೇರಪ್ಪ, ಈಸ್ಟರ್ ದಿನಾ, ಅಯ್ಯನವರ ಮುಂದ ನಿಂತು, ಕಣ್ಣು ಪಿಳುಕಿಸದ ಅಷ್ಟು ದೊಡ್ಡ ಸುಳ್ಳು ಹೇಳಿದಿ. ಅಂಥಾವನ ಕೈಯಾಗ ನಾ ಆಫೀಸು ಹೆಂಗ ಕೊಡ್ಲಿ? ನೀನ ಹೇಳು."

ಸಾಹೇಬರು ಅವನ ಭುಜದ ಮೇಲಿಂದ ಅಂಗಳಕ್ಕೆ ಕೈಬೀಸಿದರು.

"ಮಾಂತೇಶ, ಹೊರಗ ಯಾಕ ನಿಂತಿ? ಒಳಗ ಬಾ, ನಾಷ್ಟಾ ಮಾಡೂಣು."