ನೆರೆ ಪರಿಹಾರಕ್ಕೊಂದು ಓಟಿಪಿ

ಮುಂಬೈಯಲ್ಲಿ ಬಹಳ ವರ್ಷ ಬದುಕಿದವನಿಗೆ ಒಂದು ಜಂಭ ಬಂದುಬಿಡುತ್ತದೆ: ನನಗೆ ಯಾರೂ ಟೋಪಿ ಹಾಕಲಾರರು ಎಂಬುದು. ನನಗಂತೂ ಅದು ತುಸು ಹೆಚ್ಚೇ. ಅಂಧೇರಿ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕೂತು, ಹರಿದ ನೋಟನ್ನು ಮಡಚಿ ಕೊಡುವವನ ಮುಖ ಕಂಡ ಕೂಡಲೇ ಹೇಳುವಷ್ಟು ಪಳಗಿದ್ದೇನೆ. ನಮ್ಮ ಬಿಲ್ಡಿಂಗಿನವರೊಬ್ಬರು ಫೋನಿನಲ್ಲಿ ಓಟಿಪಿ ಹೇಳಿ ದುಡ್ಡು ಕಳಕೊಂಡ ಮೇಲೆ ಉಪದೇಶವನ್ನೂ ಶುರುಮಾಡಿದೆ. ಕುರ್ಲಾದ ಭಾವನಿಗೆ, ಲೋಕಲ್‌ನಲ್ಲಿ ಪಕ್ಕ ಕೂತವರಿಗೆ, ಊರಿನ ಅಕ್ಕನಿಗೆ ಕೂಡ, ದೇವರೇ ಫೋನ್ ಮಾಡಿದರೂ ನಂಬರ್ ಹೇಳಬೇಡಿ ಎಂದು ಬುದ್ಧಿ ಹೇಳುತ್ತಿದ್ದೆ. ಹೆಂಡತಿ ಮಾತ್ರ, ಸಾಕು ನಿಮ್ಮ ಪ್ರವಚನ, ಊಟ ಆರುತ್ತದೆ ಎನ್ನುತ್ತಿದ್ದಳು.

ಊರೆಂದರೆ ಉಡುಪಿ ಕಡೆ, ಹೊಳೆ ಬದಿಯಲ್ಲಿ ನಮ್ಮದೊಂದು ಗದ್ದೆ. ಪಹಣಿಯಲ್ಲಿ ಹೆಸರು ನನ್ನದು, ಕೆಸರಿನಲ್ಲಿ ಕಾಲು ಅಕ್ಕನದು. ಈ ಸಲ ಹೊಳೆ ಉಕ್ಕಿ, ನೆಟ್ಟ ಭತ್ತದ ನೇಜಿಯೆಲ್ಲ ಕೊಳೆತುಹೋಯಿತು. ಅಕ್ಕ ಫೋನಿನಲ್ಲಿ ಅತ್ತಳು. ಎರಡನೆಯ ಬೆಳೆ ಸುಗ್ಗಿಗಾದರೂ ಬೀಜ, ಗೊಬ್ಬರ ತರಬೇಕಲ್ಲ ಎಂದಳು. ನಾನು ಕಳಿಸುತ್ತೇನೆ ಎಂದರೆ ಬೇಡವಂತೆ. ಸರಕಾರ ಪರಿಹಾರ ಕೊಡುತ್ತದೆ, ಅದು ಗದ್ದೆಗೆ ಸಲ್ಲಬೇಕಾದ್ದು, ನಿನ್ನ ಸಂಬಳ ಯಾಕೆ ಎಂದಳು. ಅವಳ ಹಟ ನನಗೆ ಹೊಸದಲ್ಲ.

ಒಂದು ದಿನ ಮಧ್ಯಾಹ್ನದ ರಶ್ಶಿನಲ್ಲಿ ಫೋನ್ ಬಂತು. ಯಾರೋ ಊರಿನ ಗ್ರಾಮ ಲೆಕ್ಕಿಗನಂತೆ. ನೆರೆ ಪರಿಹಾರಕ್ಕೆ ನನ್ನ ಹೆಸರು ಸೇರಿಸುತ್ತಿದ್ದಾನಂತೆ, ಮೊಬೈಲಿಗೆ ಬಂದ ಓಟಿಪಿ ಹೇಳಬೇಕಂತೆ. ಸಿಕ್ಕಿದೆಯಲ್ಲ ಮಗನೇ ಎಂದುಕೊಂಡೆ. ಬಿಲ್ ಹಿಡಿದು ನಿಂತ ಗಿರಾಕಿಗಳಿಗೂ ಕೇಳಲಿ ಎಂದು ಕನ್ನಡದಲ್ಲಿ ಆರಂಭಿಸಿ ಹಿಂದಿಯಲ್ಲಿ ಮುಗಿಸಿದೆ. ಮುಳುಗಿದವರ ಹೆಸರಿನಲ್ಲೂ ತಿನ್ನುತ್ತೀಯಲ್ಲ, ನಾಚಿಕೆ ಇಲ್ಲವೇ, ಪೊಲೀಸರಿಗೆ ಹಿಡಿದು ಕೊಡುತ್ತೇನೆ ಎಂದೆಲ್ಲ ಬೈದು ನಂಬರನ್ನು ಬ್ಲಾಕ್ ಮಾಡಿದೆ. ಒಬ್ಬ ಗಿರಾಕಿ ಶಾಬಾಶ್ ಎಂದ. ಆ ದಿನ ಅವನ ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೇ ಅಕ್ಕನ ಫೋನ್. ಆ ಮನುಷ್ಯ ನಮ್ಮ ಗದ್ದೆಯ ಬದುವಿನ ಮೇಲೆ, ಅವಳ ಪಕ್ಕದಲ್ಲೇ ನಿಂತು, ಸ್ಪೀಕರ್ ಹಾಕಿ ಮಾತಾಡಿದ್ದರಂತೆ.

"ನೀನು ಬೈದದ್ದು ನಾನೂ ಕೇಳಿದೆ ಮಾರಾಯ," ಎಂದಳು. "ಹೆಸರು ಸೇರಿಸಲಿಕ್ಕೆ ಇವತ್ತೇ ಕೊನೆ ದಿನ. ಇನ್ನು ನಾನು ಏನು ಮಾಡುವುದು?"

ಫೋನ್ ಅವರ ಕೈಗೆ ಕೊಡು ಎಂದು, ಗಲ್ಲಾ ಬಿಟ್ಟು ಪಾತ್ರೆ ತೊಳೆಯುವ ಜಾಗಕ್ಕೆ ಓಡಿದೆ. ಬೈಯುವಾಗ ಗಿರಾಕಿಗಳು ಬೇಕಿತ್ತು, ಕ್ಷಮೆ ಕೇಳುವಾಗ ಬೇಡವಾಗಿತ್ತು. ಪುಣ್ಯಾತ್ಮ ಸಿಟ್ಟಾಗಲಿಲ್ಲ. ಮುಂಬೈಯವರೆಲ್ಲ ಹೀಗೇ ಬೈಯುತ್ತಾರೆ, ಅಭ್ಯಾಸವಾಗಿದೆ ಎಂದರು. ಓಟಿಪಿ ಮತ್ತೆ ಬಂತು. ಮಗ್ಗಿ ಒಪ್ಪಿಸುವ ಹಾಗೆ ಬಿಡಿಬಿಡಿಯಾಗಿ ಹೇಳಿದೆ, ಕೇಳದಿದ್ದರೂ ಇನ್ನೊಮ್ಮೆ ಹೇಳಿದೆ.

ಸುಗ್ಗಿ ಬಿತ್ತನೆಗೆ ಮೊದಲೇ ಪರಿಹಾರ ನನ್ನ ಖಾತೆಗೆ ಬಂತು. ಖುಷಿಯಿಂದ ಅಕ್ಕನಿಗೆ ಫೋನ್ ಮಾಡಿ, ನಿನ್ನ ಬ್ಯಾಂಕಿನ ನಂಬರ್ ಹೇಳು, ಈಗಲೇ ಹಾಕುತ್ತೇನೆ ಎಂದೆ.

"ಫೋನಿನಲ್ಲಿ ಯಾರಿಗೂ ನಂಬರ್ ಹೇಳಬಾರದು ಅಂತ ನೀನೇ ಹೇಳಿದ್ದಲ್ಲವಾ?" ಎಂದಳು. "ಬಂದು ಕೈಯಲ್ಲೇ ಕೊಡು. ಗದ್ದೆ ನಿನ್ನ ಮುಖ ನೋಡದೆ ಎಷ್ಟು ವರ್ಷ ಆಯಿತು, ಗೊತ್ತುಂಟಾ?"

ಅಂದೇ ಟಿಕೆಟ್ ತೆಗೆದೆ. ಮರುದಿನ ಹೋಟೆಲಿನ ಧಣಿಗಳ ಹತ್ತಿರ ರಜೆ ಕೇಳಿದೆ. ಯಾಕೆ ಎಂದರು. ಊರಿನಲ್ಲಿ ಗದ್ದೆ ಕೆಲಸ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ನಕ್ಕುಬಿಟ್ಟರು. ಅವರೂ ಮುಂಬೈಯಲ್ಲಿ ಬಹಳ ವರ್ಷ ಬದುಕಿದವರು. ಅವರಿಗೆ ಯಾರೂ ಟೋಪಿ ಹಾಕಲಾರರು.