ನನ್ನ ತಾಯಿಯ ಹೆಸರು ತಪ್ಪೆಂದ ಕ್ಲೌಡ್ ಸಾಹೇಬರಿಗೆ

ಐನಾಪುರ, ಕಾಗವಾಡ ತಾಲೂಕು
ಸಂಕ್ರಾಂತಿಯ ಮರುವಾರ, 2019

ಎಲ್ಲೆಲ್ಲೂ ಇರುವ, ಆದರೆ ಎಲ್ಲಿಯೂ ಕೈಗೆ ಸಿಗದ ಶ್ರೀ ಕ್ಲೌಡ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ಐನಾಪುರದ ಶೈಲಾಳ ಅನಂತ ನಮಸ್ಕಾರಗಳು. ನಾವು, ನಮ್ಮ ಎಮ್ಮೆಗಳು, ನಮ್ಮ ದ್ರಾಕ್ಷಿ ಪಡ, ಅಂದರೆ ತೋಟ, ಎಲ್ಲ ಇಲ್ಲಿ ಕ್ಷೇಮ. ತಾವೂ ಹಗಲಿರುಳು ಏಸಿ ಹಚ್ಚಿದ ತಂಪು ಕೋಣೆಯಲ್ಲಿ ಬೆವರು ಬಾರದಂತೆ, ಕರೆಂಟು ಹೋಗದಂತೆ ಸುಖವಾಗಿದ್ದೀರೆಂದು ನಂಬಿದ್ದೇನೆ. ಈ ಪತ್ರವನ್ನು ಪತ್ರಿಕೆಯಲ್ಲಿ ಹಾಕಿಸುತ್ತಿರುವುದಕ್ಕೆ ಸಿಟ್ಟಾಗಬಾರದು, ಏಕೆಂದರೆ ತಾವು ನನಗೆ ಕಳಿಸುವ ಪ್ರತಿಯೊಂದು ಮೇಲ್‌ನ ಕೊನೆಗೆ 'ದಯವಿಟ್ಟು ಇದಕ್ಕೆ ಉತ್ತರಿಸಬೇಡಿ' ಎಂದು ಬರೆದಿರುತ್ತೀರಿ. ತಾವೇ ಬಂದು ಮಾತಾಡಿ, ಎದುರು ಮಾತಾಡಬೇಡ ಎಂದು ಹೊರಟುಹೋಗುವ ಈ ಗತ್ತು ನಮ್ಮ ಭಾಗದಲ್ಲಿ ಇದುವರೆಗೆ ಹೊಸ ಬೀಗರಿಗೆ ಮಾತ್ರ ಇತ್ತು.

ವಿಷಯ ಇಷ್ಟು. ಕರೋಶಿಯ ನನ್ನ ಅವ್ವ ಮದುವೆ ಹಂದರದಲ್ಲಿ ಅರಿಷಿಣದ ಹಾಡು ಎತ್ತಿದಳೆಂದರೆ, ಒಂದು ಸಾಲು ಕನ್ನಡ, ಮರುಸಾಲು ಮರಾಠಿ, ಅಡುಗೆಯವರು ಸಹ ಸವುಟು ಬಿಟ್ಟು ಬಂದು ನಿಲ್ಲುತ್ತಿದ್ದರು. ಅವಳು ತೀರಿಕೊಳ್ಳುವ ಮೊದಲಿನ ಬೇಸಿಗೆಯಲ್ಲಿ ನಾನು ತವರಿಗೆ ಹೋದಾಗ ಅವಳ ಮುಂದೆ ಮೊಬೈಲ್ ಇಟ್ಟು ಅಷ್ಟೂ ಹಾಡು ರೆಕಾರ್ಡ್ ಮಾಡಿಕೊಂಡಿದ್ದೆ. ಆ ಮೊಬೈಲ್ ಮುಂದೆ ದ್ರಾಕ್ಷಿಗೆ ಹೊಡೆಯುವ ಔಷಧದ ಬ್ಯಾರಲ್‌ನಲ್ಲಿ ಬಿದ್ದು ಸತ್ತಿತು. ನಾನು ಬೋರ್ಯಾಡಿ ಅಳುತ್ತಿದ್ದರೆ, ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿರುವ ನನ್ನ ಮೈದುನ ಅಮೋಲ ನಕ್ಕು, "ವೈನಿ, ಯಾಕ ಅಳತೀರಿ, ಎಲ್ಲಾ ಕ್ಲೌಡ್‌ನ್ಯಾಗ ಕುಂತೈತಿ" ಅಂದ. ನಮ್ಮ ಅತ್ತೆ ಪದ್ಮವ್ವ ಮಾತ್ರ, "ಮುಗಲಾಗ ಇಟ್ಟದ್ದ ಇಳಸಾಕ ನಿಚ್ಚಣಿಕಿ ಎಲ್ಲಿಂದ ತರತೀಯೋ" ಎಂದು ಆಗಲೇ ಕೇಳಿದ್ದರು. ಅವರ ಪ್ರಶ್ನೆ ತಾಂತ್ರಿಕವಾದದ್ದೆಂದು ನನಗೆ ಈಗ ತಿಳಿಯುತ್ತಿದೆ.

ತಮ್ಮ ಮಹಿಮೆಯನ್ನು ಅಮೋಲ ನಮಗೆ ಒಲೆಯ ಮುಂದೆ ಕುಳಿತು ಬಿಡಿಸಿ ಹೇಳಿದ್ದಾನೆ, ತಪ್ಪಿದ್ದರೆ ತಿದ್ದಬೇಕು. ನಾವು ಒಣದ್ರಾಕ್ಷಿಯನ್ನು ಬಾಳಾಸಾಬನ ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುತ್ತೇವಲ್ಲ, ಕೋಣೆ ಅವನದು, ಮಾಲು ನಮ್ಮದು, ಎಷ್ಟು ಜಾಗ ಹಿಡಿದೆವೋ ಅಷ್ಟಕ್ಕೇ ಬಾಡಿಗೆ, ಬೇಕಾದಾಗ ತರುವುದು. ಕ್ಲೌಡ್ ಅಂದರೆ ಅದೇ, ಮಾಲು ಮಾತ್ರ ಫೋಟೋ, ಹಾಡು, ಕಾಗದಪತ್ರ. ಅಂಥ ದೊಡ್ಡ ಗೋದಾಮಿಗೆ ಡೇಟಾ ಸೆಂಟರ್ ಎನ್ನುತ್ತಾರೆ. ಅದರೊಳಗೆ ಕೇಳಿದವರಿಗೆ ಕೇಳಿದ್ದನ್ನು ತಂದು ಬಡಿಸುವ ಯಂತ್ರ ಸರ್ವರ್, ಊಟದ ಪಂಕ್ತಿಯಲ್ಲಿ ಬುಟ್ಟಿ ಹಿಡಿದು ಓಡಾಡುವವರ ಹಾಗೆ. ಉಣ್ಣುವವರು ಒಮ್ಮೆಲೇ ಹೆಚ್ಚಾದರೆ ಬಡಿಸುವವನಿಗೆ ಉಸಿರು ಹತ್ತುತ್ತದೆ, ಅದಕ್ಕೇ ಪಂಕ್ತಿಯನ್ನು ಇಬ್ಬರು ಮೂವರಿಗೆ ಹಂಚಿಕೊಡುವ ಹಿರಿಯರೊಬ್ಬರು ಬೇಕು, ಅವರು ಲೋಡ್ ಬ್ಯಾಲೆನ್ಸರ್. ಬ್ಯಾಂಡ್‌ವಿಡ್ತ್ ಅಂದರೆ ನೀರಿನ ಪೈಪಿನ ಅಗಲ. ಫೈರ್‌ವಾಲ್ ಅಂದರೆ ಪಡದ ಸುತ್ತಲಿನ ಮುಳ್ಳುಬೇಲಿ, ಕಳ್ಳರನ್ನು ಹೊರಗಿಡುವುದಕ್ಕೆ. ಇಷ್ಟು ತಿಳಿದ ಮೇಲೆ ತಮ್ಮ ಮೇಲೆ ನನಗೆ ಎಂಥ ಭಕ್ತಿ ಬಂತೆಂದರೆ, ಹೊಸ ಮೊಬೈಲ್ ಕೊಂಡರೂ ಆ ಹಾಡುಗಳನ್ನು ಇಳಿಸಿಕೊಳ್ಳದೆ ತಮ್ಮಲ್ಲೇ ಬಿಟ್ಟೆ.

ಮೊನ್ನೆ ಮಗಳು ಸಾರಿಕಾಳ ಮದುವೆ ಬಂತು. ಅರಿಷಿಣ ಹಚ್ಚುವಾಗ ಹಂದರದಲ್ಲಿ ಅವಳ ಅಜ್ಜಿಯ ಧ್ವನಿಯೇ ಕೇಳಬೇಕು ಎಂಬುದೊಂದೇ ನನ್ನ ಆಸೆ. ಬಂಗಾರ ಕಡಿಮೆ ಬಿದ್ದರೂ ಚಿಂತೆ ಇರಲಿಲ್ಲ. ಪಡಸಾಲೆಯಲ್ಲಿ ಕುಳಿತು ಖಾತೆ ತೆರೆಯಲು ಹೊರಟೆ, ಅಷ್ಟರಲ್ಲಿ ಎಮ್ಮೆ ಒದರಿತೆಂದು ಮೊಬೈಲ್ ಹಿಡಿದುಕೊಂಡೇ ಹಿತ್ತಲಿಗೆ ಹೋದೆ. ನಮ್ಮ ಪಡಸಾಲೆಗೆ ಕರ್ನಾಟಕದ ಟಾವರ್ ಸಿಗುತ್ತದೆ, ಹಿತ್ತಲಿಗೆ ಮಹಾರಾಷ್ಟ್ರದ್ದು; ಇದು ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ತಮಗೆ ಮಾತ್ರ, ಮೇವು ಹಾಕಲು ಹೋದ ಹೆಂಗಸು ಕಣ್ಣು ಮುಚ್ಚಿ ತೆರೆಯುವುದರೊಳಗೆ ರಾಜ್ಯದ ಗಡಿ ದಾಟಿದ ಕಳ್ಳಿಯಂತೆ ಕಂಡಳು. 'ಸಂಶಯಾಸ್ಪದ ಚಟುವಟಿಕೆ' ಎಂದಿರಿ, 'ನೀವು ನೀವೇ ಎಂದು ಸಾಬೀತುಪಡಿಸಿ' ಎಂದಿರಿ, ತಾಯಿಯ ಹೆಸರು ಕೇಳಿದಿರಿ.

ಅಯ್ಯೋ, ಇಷ್ಟೇನಾ ಎಂದುಕೊಂಡೆ. ಗೌರಾಬಾಯಿ ಎಂದು ಬರೆದೆ, ತಪ್ಪೆಂದಿರಿ. ನಮ್ಮಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಅದರಲ್ಲಿ ಮದುಮಗಳಿಗೆ ಗಂಡನ ಮನೆಯ ಹೊಸ ಹೆಸರು ಬರೆಯುವ ಪದ್ಧತಿ. ಅವ್ವ ಗೌರಾಬಾಯಿ ಆಗುವ ಮೊದಲು ಮಲಕವ್ವ ಆಗಿದ್ದಳು, ನಾನೂ ಶೈಲಾ ಆಗುವ ಮೊದಲು ಅಕ್ಕವ್ವ ಆಗಿದ್ದೆ. ಹಾಗಾಗಿ ಮಲಕವ್ವ ಎಂದು ಬರೆದೆ, ಅದೂ ತಪ್ಪೆಂದಿರಿ. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಕಡೆಗೆ ಓಣಿಯವರು ಕರೆಯುತ್ತಿದ್ದ ಬಾಯಕ್ಕ ಎಂಬುದನ್ನೂ ಬರೆದೆ. ಹಡೆದ ತಾಯಿಯ ಹೆಸರು ಗೊತ್ತಿಲ್ಲದವಳೆಂದು ತೀರ್ಮಾನಿಸಿ ತಾವು ಖಾತೆಗೆ ಬೀಗ ಹಾಕಿದಿರಿ. ಬಾಳಾಸಾಬನಲ್ಲಿ ರಸೀದಿ ಕಳೆದರೂ ಅವನು ಮುಖ ನೋಡಿ, ನಾಲ್ಕು ಬೈದು, ಮಾಲು ಕೊಡುತ್ತಾನೆ. ಅಷ್ಟು ದೊಡ್ಡ ಗೋದಾಮಿನಲ್ಲಿ ಮುಖ ನೋಡುವವರೊಬ್ಬರನ್ನೂ ಇಟ್ಟುಕೊಳ್ಳದ ತಮ್ಮ ಮಿತವ್ಯಯ ಮೆಚ್ಚತಕ್ಕದ್ದು.

ಅರಿಷಿಣದ ದಿನ ಗುಟ್ಟು ರಟ್ಟಾಯಿತು. ನಾನು ಮುಖ ಊದಿಸಿಕೊಂಡು ಕುಳಿತದ್ದನ್ನು ನೋಡಲಾರದೆ ಅಮೋಲ ತಲೆ ಕೆರೆದುಕೊಳ್ಳುತ್ತ ಬಂದು, "ವೈನಿ, ಖಾತೆ ತಗದಾವ ನಾನ ಅಲ್ಲೇನ್ರಿ, ಆವಾಗ ನೀವು ಪಡದಾಗ ಇದ್ರಿ. ಮನ್ಯಾಗ ನೀವೂ ನಮ್ಮವ್ವಗ ಅವ್ವಾ ಅಂತೀರಲ್ರಿ, ಅದಕ್ಕ ಪದ್ಮವ್ವ ಅಂತ ಬರದೀನ್ರಿ" ಅಂದ. ಸೊಸೆಗೆ ಅತ್ತೆಯೇ ತಾಯಿ ಎಂದು ಎಲ್ಲ ಮದುವೆಗಳಲ್ಲೂ ಭಾಷಣ ಮಾಡುತ್ತಾರೆ, ಅದನ್ನು ಕಂಪ್ಯೂಟರಿಗೆ ತುಂಬಿದವನು ನಮ್ಮ ಅಮೋಲ ಒಬ್ಬನೇ. ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಕೈಯಲ್ಲಿ ಅರಿಷಿಣವಿತ್ತು, ಅದನ್ನೇ ಬಳಿದೆ. ಅತ್ತೆಯವರು ಮಾತ್ರ ಸೆರಗು ಸರಿಮಾಡಿಕೊಂಡು, "ಅಂಥಾ ದೊಡ್ಡ ಕಂಪನಿಗೂ ನನ್ನ ಹೆಸರ ಗೊತ್ತೈತಿ ಅಂದಂಗಾತು" ಎಂದು ಬೀಗರಿಗೆಲ್ಲ ಹೇಳಿಕೊಂಡು ತಿರುಗಿದರು. ಅಮೋಲ ಅಲ್ಲೇ ನಿಂತು ಸರಿ ಉತ್ತರ ಒತ್ತಿದ. ಬಹಳ ಸಲ ತಪ್ಪು ಉತ್ತರ ಬಂದಿದೆ, ಖಾತೆ ಪರಿಶೀಲನೆಯಲ್ಲಿದೆ, ಕಾಯಿರಿ ಎಂದಿರಿ. ಆವತ್ತಿನಿಂದ ಕಾಯುತ್ತಿದ್ದೇನೆ.

ಆದರೂ ಹಂದರ ಮೂಕವಾಗಲಿಲ್ಲ ಎಂದು ತಿಳಿಸಲು ಸಂತೋಷಪಡುತ್ತೇನೆ. ಒಂದು ಊರಿನ ಯಂತ್ರ ಕೆಟ್ಟರೆ ಇನ್ನೊಂದು ಊರಿನಲ್ಲಿ ಸಿಗಲಿ ಎಂದು ತಾವು ಒಂದೇ ಮಾಲನ್ನು ನಾಲ್ಕು ಕಡೆ ಇಡುತ್ತೀರಂತೆ, ಅದಕ್ಕೆ ರಿಡಂಡೆನ್ಸಿ ಎಂಬ ಬಾಯಿ ತಿರುಗದ ಹೆಸರಂತೆ. ನಮ್ಮ ಅವ್ವ ಅದನ್ನು ತಮಗಿಂತ ಮೊದಲೇ ಮಾಡಿಟ್ಟಿದ್ದಳು. ನನ್ನ ಅಕ್ಕಂದಿರನ್ನು ನಿಪ್ಪಾಣಿಗೆ, ರಾಯಬಾಗಕ್ಕೆ, ಅಥಣಿಗೆ ಕೊಟ್ಟಿದ್ದಾರೆ. ರಾಯಬಾಗದವಳು ಹಾಡು ಎತ್ತಿದಳು, ನಡುವೆ ಮರೆತಳು, ಅಥಣಿಯವಳು ಹಿಡಿದಳು, ಮರಾಠಿ ಸಾಲುಗಳನ್ನೆಲ್ಲ ನಿಪ್ಪಾಣಿಯವಳು ತಂದಳು, ಎಲ್ಲರೂ ತಪ್ಪಿದ ಕಡೆ ನಾನು ಸೇರಿಸಿದೆ. ಒಂದು ನುಡಿಯೂ ಕಳೆದಿರಲಿಲ್ಲ. ಸಾರಿಕಾ ಅತ್ತಳು, ನಾವೂ ಅತ್ತೆವು, ಅಡುಗೆಯವರು ಸವುಟು ಬಿಟ್ಟು ಬಂದು ನಿಂತರು. ಪಾಸ್‌ವರ್ಡ್ ಯಾರೂ ಕೇಳಲಿಲ್ಲ.

ಆದಕಾರಣ ಕೆಲವು ಸಣ್ಣ ವಿನಂತಿಗಳು. ನಮ್ಮ ಪಡಸಾಲೆ ಮತ್ತು ಹಿತ್ತಲನ್ನು ಒಂದೇ ರಾಜ್ಯಕ್ಕೆ ಸೇರಿಸಿಕೊಡಬೇಕು. ಆಗದಿದ್ದರೆ ಎಮ್ಮೆಗಳಿಗಾದರೂ ಕರ್ನಾಟಕದ ಟಾವರ್ ಕೊಡಿಸಬೇಕು. ತಮ್ಮ ಸರ್ವರ್ ಒಬ್ಬರನ್ನು ನಮ್ಮ ಮನೆಗೆ ಎಂಟು ದಿನ ಕಳಿಸಿದರೆ, ಯಾರು ಯಾರಿಗೆ ಅವ್ವ ಎಂಬುದನ್ನು ಅತ್ತೆಯವರು ರೊಟ್ಟಿ ಬಡಿಯುತ್ತ ಕಲಿಸಿ ಕಳಿಸುತ್ತಾರೆ. ಹಾಡುಗಳನ್ನು ಬೇಕಾದರೆ ತಾವೇ ಇಟ್ಟುಕೊಳ್ಳಿ, ಅವು ನಾಲ್ಕು ಮನೆಗಳಲ್ಲಿ ಜೋಪಾನವಾಗಿವೆ.

ನನಗೆ ಬೇಕಾದದ್ದು ಕಡೆಯ ಹಾಡಿನ ಬಾಲ. ಹಾಡು ಮುಗಿದ ಮೇಲೆ ನಾನು ಇನ್ನೊಂದು ಹಾಡು ಎಂದು ಗಂಟುಬಿದ್ದಾಗ ಅವ್ವ ರೇಗಿ, "ಸಾಕ ಬಿಡ ಬೇ ಅಕ್ಕವ್ವಾ, ಬಂದ್ ಮಾಡ ಅದನ್ನ, ಚಾ ಆರಾಕತ್ತೈತಿ" ಎಂದಿದ್ದಾಳೆ. ಅಕ್ಕಂದಿರಿಗೆ ನಾನು ತಂಗಿ, ಈ ಊರಿಗೆ ಶೈಲಾ, ತಮಗೆ ಕಳ್ಳಿ. ನನ್ನನ್ನು ಅಕ್ಕವ್ವಾ ಎಂದು ಕರೆಯುವವಳು ಈಗ ತಮ್ಮ ಆ ತಂಪು ಕೋಣೆಯೊಳಗೆ ಮಾತ್ರ ಇದ್ದಾಳೆ, ಸಾಹೇಬರೇ. ಬಾಗಿಲು ತೆಗೆಯಿರಿ.

ತಮ್ಮ ನಂಬಿಕೆಗೆ ಇನ್ನೂ ಪಾತ್ರಳಾಗದ, ಆದರೂ ತಮ್ಮ ವಿಶ್ವಾಸಿ,
ಶೈಲಾ
(ತವರಿನಲ್ಲಿ ಅಕ್ಕವ್ವ)

ತಾ.ಕ.: ಈ ಪತ್ರ ಅಚ್ಚಾದ ಮೇಲೆ ನನ್ನ ಖಾತೆಯ ಗುಟ್ಟಿನ ಉತ್ತರ ನಿಪ್ಪಾಣಿಯಿಂದ ಅಥಣಿಯವರೆಗೆ ಸರ್ವರಿಗೂ ಗೊತ್ತಾಗಿರುತ್ತದೆ. ತಮ್ಮ ಭದ್ರತೆಯನ್ನು ಬಲ್ಲ ನಾನು ಹೇಳುತ್ತೇನೆ, ಯಾರೋ ಗುರುತಿಲ್ಲದವರಿಗೆ ತಾವು ಮೊದಲ ಸಲಕ್ಕೇ ಬಾಗಿಲು ತೆಗೆಯುತ್ತೀರಿ. ಆ ಪುಣ್ಯಾತ್ಮರಲ್ಲಿ ನನ್ನ ವಿನಂತಿ: ಒಳಗೆ ಹೋದವರು ಏನು ಬೇಕಾದರೂ ಒಯ್ಯಿರಿ, ಆ ಒಂದು ಬೈಗುಳವನ್ನು ಮಾತ್ರ ನನಗೆ ಕಳಿಸಿಕೊಡಿ.